ಮಕ್ಕಳ ನಾಲಿಗೆಗೆ ನುಡಿಯ ಸವಿ ಹತ್ತಿಸಿದ ಪಂಜೆ ಮಂಗೇಶರಾಯರು

ಕನ್ನಡದ ಕಂದಮ್ಮಗಳ ಬಾಯಲ್ಲಿ ನುಡಿ ನಲಿಯುವಂತೆ ಮಾಡಿದ ಮಹನೀಯರಲ್ಲಿ ಪಂಜೆ ಮಂಗೇಶರಾಯರು ಅಗ್ರಗಣ್ಯರು. 1874ರಲ್ಲಿ ಬಂಟ್ವಾಳದಲ್ಲಿ ಜನಿಸಿದ ಅವರ ಮನೆಮಾತು ಕೊಂಕಣಿ, ಸುತ್ತಲಿನ ಜನರ ಮಾತು ತುಳು. ಅವರು ಕಲಿತು ಒಲಿಸಿಕೊಂಡದ್ದು ಕನ್ನಡವನ್ನು. ಮಂಗಳೂರಿನಲ್ಲಿ ಕನ್ನಡ ಪಂಡಿತರಾಗಿ, ಶಾಲಾ ತನಿಖಾಧಿಕಾರಿಗಳಾಗಿ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿ ಅವರು ಸೇವೆ ಸಲ್ಲಿಸಿದರು.

ತನಿಖಾಧಿಕಾರಿ ಬಂದರೆಂದರೆ ಮಕ್ಕಳ ಮಾತು ಗಂಟಲಲ್ಲಿಯೇ ಉಳಿಯುತ್ತಿದ್ದ ಕಾಲವದು. ಪಂಜೆಯವರಾದರೋ ಕಥೆ ಹೇಳಿ, ಹಾಡಿ, ಅಭಿನಯಿಸಿ ಆ ಬಾಯಿಗಳನ್ನು ತೆರೆಸಿದರು. ‘ಕವಿಶಿಷ್ಯ’ನೆಂಬ ಹೆಸರಿನಿಂದ ಬರೆದ ಅವರ ‘ನಾಗರಹಾವು’ ಪದ್ಯದಲ್ಲಿ ಮಗು ಹಾವನ್ನೇ ಮಾತನಾಡಿಸುತ್ತದೆ. ‘ತೆಂಕಣ ಗಾಳಿಯಾಟ’ದಲ್ಲಿ ಗಾಳಿಯ ಸದ್ದೇ ಪದವಾಗುತ್ತದೆ. ಮಗು ಮೊದಲು ಕೇಳುತ್ತದೆ, ಮರಳಿ ಬರುವ ಸದ್ದಿಗೆ ದನಿಗೂಡಿಸುತ್ತದೆ, ಕಡೆಗೆ ತಾನೇ ನುಡಿಯುತ್ತದೆ. ಮುಖ ನೋಡಿ ಮಾತನಾಡಿಸಿರಿ, ಮತ್ತೆ ಮತ್ತೆ ಹೇಳಿರಿ, ಮಗುವಿನ ಮರುನುಡಿಗೆ ಕಾಯಿರಿ ಎಂದು ಇಂದಿನ ವಾಕ್ ತಜ್ಞರು ತಾಯ್ತಂದೆಗಳಿಗೆ ಹೇಳುವುದೂ ಇದನ್ನೇ.

1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದ ಅವರು 1937ರಲ್ಲಿ ಕಾಲವಶರಾದರು.

ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಹೊಲ ಮಗ್ಗಗಳ ದುಡಿಮೆಯಲ್ಲಿ ದಣಿದು ಬರುವ ತಾಯ್ತಂದೆಗಳಿಗೆ ಅವರ ಬಾಳು ಹೇಳುವುದಿಷ್ಟೆ: ಮಗುವಿನ ಮೊದಲ ಶಾಲೆ ಮನೆ, ಅಲ್ಲಿ ಅಕ್ಷರ ಬಲ್ಲವರೇ ಇರಬೇಕೆಂದಿಲ್ಲ. ಅವ್ವನ ಜೋಗುಳ, ಅಜ್ಜಿಯ ಕಥೆ, ಅಪ್ಪನೊಡನೆ ನಾಲ್ಕು ಮಾತು ಸಾಕು. ಎರಡು ವರ್ಷ ತುಂಬಿದರೂ ಮಗು ಮಾತನಾಡದಿದ್ದರೆ ಮಾತ್ರ, ತಾನಾಗಿ ಬಂದೀತೆಂದು ಕಾಯದೆ ವೈದ್ಯರಲ್ಲಿ ಕಿವಿಯನ್ನು ಪರೀಕ್ಷಿಸಬೇಕು. ಕೇಳಿದ ಕಿವಿಗಲ್ಲದೆ ನಾಲಿಗೆಗೆ ನುಡಿ ಸುಲಭವಾಗಿ ಒಲಿಯದು. ಮಾತು ಅರಳಿಸಿಕೊಂಡು ಬಂದ ಮಗುವಿಗೆ ಅಕ್ಷರ ಹಗುರ. ಪಂಜೆಯವರು ಬಾಳಿ ತೋರಿದ ದಾರಿ ಇದು.