ರಹೀಮ್ ಮಾಸ್ತರ್ ನಮ್ಮ ರಾಜ್ಯದವರೇ ಆಗಿದ್ದರು

2021ರ ಆಗಸ್ಟ್ 22, ಭಾನುವಾರ. ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಸೈಯದ್ ಶಾಹಿದ್ ಹಕೀಮ್ ತೀರಿಕೊಂಡರು ಅನ್ನೋ ಸುದ್ದಿ ಬಂತು. 82 ವರ್ಷ. 1960ರ ರೋಮ್ ಒಲಿಂಪಿಕ್ಸ್‌ಗೆ ಹೋದ ಭಾರತ ಫುಟ್‌ಬಾಲ್ ತಂಡದಲ್ಲಿದ್ದವರು, ವಾಯುಪಡೆಯ ಸ್ಕ್ವಾಡ್ರನ್ ಲೀಡರ್, ಫಿಫಾ ರೆಫರಿ. ಸುದ್ದಿಯ ಕೊನೆಯಲ್ಲಿ ಒಂದು ಸಾಲಿತ್ತು: ಇವರು ಭಾರತ ತಂಡದ ಕೋಚ್ ಆಗಿದ್ದ ಎಸ್.ಎ. ರಹೀಮ್ ಅವರ ಮಗ.

ನಾನು ವಾಡಿಯವನು. ಅಪ್ಪ ಸಿಮೆಂಟ್ ಫ್ಯಾಕ್ಟರಿ ಕಾರ್ಮಿಕ. ಶಹಾಬಾದ್ ಫರ್ಸಿ ಕಲ್ಲಿನ ನಾಲ್ಕು ತುಂಡು ನಿಲ್ಲಿಸಿ ಗೋಲು ಮಾಡಿಕೊಂಡು ಚೆಂಡು ಒದ್ದು ಬೆಳೆದವನು. ಎಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಬಾರ್ಸಿಲೋನಾ ಮ್ಯಾಚ್ ನೋಡಿ, ಬೆಳಿಗ್ಗೆ ಮೆಸ್‌ನಲ್ಲಿ ಫಾರ್ಮೇಷನ್ ಬಗ್ಗೆ ಜಗಳ ಮಾಡಿದವನು. ಆದರೆ ರಹೀಮ್ ಬಗ್ಗೆ ಹೆಸರಿನ ಆಚೆ ಏನೂ ಗೊತ್ತಿರಲಿಲ್ಲ. 2024ರಲ್ಲಿ 'ಮೈದಾನ್' ಸಿನಿಮಾ ಬಂದ ಮೇಲೆ ಹೆಸರು ಎಲ್ಲರಿಗೂ ಗೊತ್ತಾಯಿತು. ಆದರೂ ಒಂದು ವಿಷಯವನ್ನು ಯಾರೂ ಮಾತಾಡಲಿಲ್ಲ. ರಹೀಮ್ ನಮ್ಮ ರಾಜ್ಯದವರೇ ಆಗಿದ್ದರು.

ಮೊದಲು ಮಾಸ್ತರ್, ಆಮೇಲೆ ಕೋಚ್

ಸೈಯದ್ ಅಬ್ದುಲ್ ರಹೀಮ್ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಲ್ಲವೂ ಅದೇ ನಿಜಾಮ್ ರಾಜ್ಯದ ಗುಲ್ಬರ್ಗ ಜಿಲ್ಲೆ. ನಮ್ಮ ಅಜ್ಜಂದಿರಿಗೆ ರಾಜಧಾನಿ ಅಂದರೆ ಹೈದರಾಬಾದ್. ಕೋರ್ಟು, ಕಚೇರಿ, ದೊಡ್ಡ ದವಾಖಾನೆ, ದೊಡ್ಡ ಸಂತೆ, ಎಲ್ಲದಕ್ಕೂ ಅಲ್ಲಿಗೇ ಹೋಗಬೇಕಿತ್ತು.

ರಹೀಮ್ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು, ಕ್ಲಬ್ ಫುಟ್‌ಬಾಲ್ ಆಡಿದರು, ಶಾಲಾ ಮಾಸ್ತರರಾದರು. ನಂತರ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿದರು. ಅಂದರೆ ನಾವು ಪಿ.ಟಿ. ಮಾಸ್ತರ್ ಅಂತೀವಲ್ಲ, ಆ ಕೆಲಸ. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು, ಸಾಯುವ ತನಕ ಆ ಹುದ್ದೆಯಲ್ಲಿದ್ದರು. ಜೊತೆಗೆ ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ತಯಾರು ಮಾಡಿದರು.

ಅವರ ಕ್ರಮ ವಿಚಿತ್ರವಾಗಿತ್ತು. ಡ್ರಿಬಲ್ ಮಾಡಲೇಬಾರದು ಅನ್ನೋ ನಿಯಮದ ಟೂರ್ನಿ ನಡೆಸುತ್ತಿದ್ದರು. ಯಾವ ಕಾಲಲ್ಲಿ ಬಲ ಕಡಿಮೆಯೋ ಆ ಕಾಲಲ್ಲೇ ಒದೆಯಬೇಕು ಅನ್ನೋ ಟೂರ್ನಿಯನ್ನೂ ನಡೆಸಿದರು. ಕೇಳೋಕೆ ತಮಾಷೆ, ಆದರೆ ಲೆಕ್ಕ ಪಕ್ಕಾ. ಡ್ರಿಬಲ್ ಬಂದ್ ಆದರೆ ಚೆಂಡನ್ನು ಬೇಗ ಬಿಟ್ಟುಕೊಡಬೇಕು, ಬಿಟ್ಟುಕೊಟ್ಟವನು ಖಾಲಿ ಜಾಗಕ್ಕೆ ಓಡಲೇಬೇಕು. ಎಡಗಾಲೂ ಬಲಗಾಲೂ ಸಮ ಆದರೆ ಎದುರಾಳಿಗೆ ನೀನು ಯಾವ ಕಡೆ ತಿರುಗುತ್ತೀಯ ಅಂತ ಗೊತ್ತಾಗೋದಿಲ್ಲ. ಬರೀ ಪ್ರತಿಭೆ ನಂಬಿ ಕೂತವರಲ್ಲ ಅವರು. ದಿನನಿತ್ಯದ ಅಭ್ಯಾಸದಲ್ಲಿ ಆಟಗಾರನನ್ನು ಕಟ್ಟುತ್ತಿದ್ದರು.

1948ರ ಗಾಯ, 1951ರ ಚಿನ್ನ

ಈ ಕಥೆಯಲ್ಲಿ 1948 ಬಿಟ್ಟು ಮುಂದೆ ಹೋಗೋಕೆ ಆಗಲ್ಲ. ಮೊದಲು ರಜಾಕಾರರ ಹಿಂಸೆ. ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ. ಅದರ ಹಿಂದೆಯೇ ಮುಸ್ಲಿಮರ ಮೇಲೆ ನಡೆದ ಹಿಂಸೆ. ಸುಂದರ್‌ಲಾಲ್ ಸಮಿತಿ ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಗುಲ್ಬರ್ಗವನ್ನೂ ಹೆಸರಿಸಿತ್ತು. ನಮ್ಮ ಊರುಗಳಲ್ಲಿ ಹಿರಿಯರು ಈ ಮಾತು ಬಂದರೆ ಇವತ್ತಿಗೂ ದನಿ ತಗ್ಗಿಸುತ್ತಾರೆ. ಯಾರ ಮನೆಯ ನೋವು ದೊಡ್ಡದು ಅಂತ ತೂಕ ಹಾಕೋ ರಾಜಕೀಯ ಪ್ರತಿ ಸೆಪ್ಟೆಂಬರ್ 17ಕ್ಕೆ ನಡೆದೇ ಇದೆ.

ಆ ಗಾಯ ಹಸಿ ಇರುವಾಗಲೇ ಹೈದರಾಬಾದಿನ ಒಬ್ಬ ಮುಸ್ಲಿಂ ಮಾಸ್ತರ್ ಕೈಗೆ ಭಾರತ ತಂಡ ಬಂತು. 1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಗೇಮ್ಸ್. ಫೈನಲ್‌ನಲ್ಲಿ ಇರಾನ್ ವಿರುದ್ಧ ಸಾಹು ಮೇವಾಲಾಲ್ ಹೊಡೆದ ಒಂದೇ ಗೋಲು, ಚಿನ್ನ ನಮ್ಮದಾಯಿತು. ಪೊಲೀಸ್ ಕಾರ್ಯಾಚರಣೆ ಮುಗಿದು ಮೂರು ವರ್ಷವೂ ಆಗಿರಲಿಲ್ಲ. ದೇಶಭಕ್ತಿಗೆ ಸರ್ಟಿಫಿಕೇಟ್ ಕೇಳುವವರು ಈ ತಾರೀಖುಗಳನ್ನು ಒಮ್ಮೆ ಅಕ್ಕಪಕ್ಕ ಇಟ್ಟು ನೋಡಬೇಕು.

ಇತ್ತ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ಮುಂಬೈನ ರೋವರ್ಸ್ ಕಪ್ ಗೆದ್ದಿತು. ಹೈದರಾಬಾದಿನಿಂದ ಮುಂಬೈಗೆ ನೇರ ರೈಲು ದಾರಿ ಯಾವುದು ಗೊತ್ತಲ್ಲ? ತಾಂಡೂರು, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಕಲಬುರಗಿ, ಸೊಲ್ಲಾಪುರ. ವಾಡಿ–ಸಿಕಂದರಾಬಾದ್ ಹಳಿ 1874ರಿಂದ ಇದೆ. ದೇಶದ ಅತ್ಯುತ್ತಮ ತಂಡ ಕಪ್ ಹಿಡಿದು ಮನೆಗೆ ಹೋಗುವ ದಾರಿ ನಮ್ಮ ಪ್ಲಾಟ್‌ಫಾರ್ಮ್ ಮೇಲೇ ಇತ್ತು.

ಹೆಲ್ಸಿಂಕಿಯ ಪಾಠ

1950ರ ವಿಶ್ವಕಪ್‌ಗೆ ಭಾರತ ಬರಿಗಾಲ ಕಾರಣಕ್ಕೆ ಹೋಗಲಿಲ್ಲ ಅನ್ನೋದು ಎಲ್ಲರೂ ಹೇಳೋ ಕಥೆ. ನಿಜ ಇಷ್ಟು ಸರಳ ಅಲ್ಲ. ಆಗಿನ ಅಧಿಕಾರಿಗಳಿಗೆ ವಿಶ್ವಕಪ್‌ಗಿಂತ ಒಲಿಂಪಿಕ್ಸ್ ದೊಡ್ಡದಾಗಿ ಕಂಡಿತ್ತು. ಬರಿಗಾಲಿನ ಬೆಲೆ ಗೊತ್ತಾಗಿದ್ದು 1952ರ ಹೆಲ್ಸಿಂಕಿಯಲ್ಲಿ. ಚಳಿಯ ನೆಲ, ಎದುರಿಗೆ ಯುಗೊಸ್ಲಾವಿಯಾ, 10–1 ಸೋಲು. ನಮ್ಮ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಆಮೇಲೆ ಫೆಡರೇಷನ್ ಬೂಟು ಕಡ್ಡಾಯ ಮಾಡಿತು.

ರಹೀಮ್ ಆ ಸೋಲಿನಿಂದ ಬೂಟಿನ ಪಾಠವೊಂದನ್ನೇ ಕಲಿಯಲಿಲ್ಲ. ಆ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಹಂಗೇರಿ ಹೇಗೆ ಆಡಿತು ಅಂತ ಗಮನಿಸಿದರು. ಸೆಂಟರ್ ಫಾರ್ವರ್ಡ್ ಗೋಲಿನ ಮುಂದೆ ನಿಲ್ಲದೆ ಹಿಂದಕ್ಕೆ ಬರುತ್ತಾನೆ, ಅವನನ್ನು ಕಾಯುವ ಡಿಫೆಂಡರ್ ಹಿಂದೆ ಬಂದರೆ ಜಾಗ ತೆರೆಯುತ್ತದೆ, ಬರದಿದ್ದರೆ ಇವನು ಆರಾಮಾಗಿ ಆಡುತ್ತಾನೆ. ಈ ಲೆಕ್ಕವನ್ನು ನಮ್ಮ ಹುಡುಗರಿಗೆ ಕಲಿಸಿದರು.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಹೋಳಾಯಿತು. ಕನ್ನಡ ಜಿಲ್ಲೆಗಳು ಮೈಸೂರಿಗೆ ಬಂದವು. ರಹೀಮ್ ಮಾಸ್ತರ್ ಅಂದಿನಿಂದ ನಮಗೆ ಪಕ್ಕದ ರಾಜ್ಯದವರು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್‌ನಲ್ಲಿ ಅವರ ತಂಡ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಸೆಮಿಫೈನಲ್ ಮುಟ್ಟಿದ ಮೊದಲ ಏಷ್ಯಾ ತಂಡ ಅದು. ನಮ್ಮ ಮೈಸೂರಿನ ಕೆಂಪಯ್ಯ ಆ ತಂಡದಲ್ಲಿದ್ದರು. ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯಾ ಎದುರು ಮೊದಲ ಗೋಲು ನಮ್ಮದೇ, ಆದರೆ ಕೊನೆಗೆ 4–1 ಸೋಲು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ 3–0 ಗೆದ್ದಿತು. ನಾಲ್ಕು ವರ್ಷದ ಹಿಂದೆ ಹತ್ತು ಗೋಲು ತಿಂದವರು ಜಗತ್ತಿನ ನಾಲ್ಕನೇ ಸ್ಥಾನಕ್ಕೆ ಬಂದಿದ್ದರು.

ಒಂದು ರೂಪಾಯಿ

ಮೆಲ್ಬರ್ನ್ ತಂಡದಲ್ಲಿ ಸಿಕಂದರಾಬಾದಿನ ಅಮ್ಮುಗೂಡದ ಬಡ ಹುಡುಗನೊಬ್ಬನಿದ್ದ, ತುಳಸಿದಾಸ್ ಬಲರಾಮ್. ಹೈದರಾಬಾದಿಗೆ ಅಭ್ಯಾಸಕ್ಕೆ ಬಾ ಅಂತ ಕರೆದಾಗ ಬಂದು ಹೋಗೋಕೆ ಅವನ ಹತ್ತಿರ ದುಡ್ಡಿರಲಿಲ್ಲ. ರಹೀಮ್ ದಿನಕ್ಕೆ ಒಂದು ರೂಪಾಯಿ ಕೊಟ್ಟರು, ಬಾಡಿಗೆ ಸೈಕಲ್ಲಿಗೆ ಅಂತ. ಆ ಸೈಕಲ್ ತುಳಿದು ಬಂದವನು ಎರಡು ಒಲಿಂಪಿಕ್ಸ್ ಆಡಿದ, ಏಷ್ಯನ್ ಗೇಮ್ಸ್ ಚಿನ್ನ ಗೆದ್ದ.

ಇದನ್ನು ಓದಿದಾಗಲೆಲ್ಲ ನನಗೆ ನನ್ನ ಶಾಲೆಯ ಒಬ್ಬ ಗೆಳೆಯ ನೆನಪಾಗುತ್ತಾನೆ. ಚಿತ್ತಾಪುರ ಕಡೆಯ ತಾಂಡಾದವನು. ಎಡಗಾಲಲ್ಲಿ ಅವನು ಒದ್ದ ಚೆಂಡು ಎಲ್ಲಿ ತಿರುಗುತ್ತೆ ಅಂತ ನಮಗ್ಯಾರಿಗೂ ಗೊತ್ತಾಗುತ್ತಿರಲಿಲ್ಲ. ಶಾಲೆಯಲ್ಲಿ ಪಿ.ಟಿ. ಮಾಸ್ತರ್ ಹುದ್ದೆ ಖಾಲಿ, ಪಿ.ಟಿ. ಪಿರಿಯಡ್‌ನಲ್ಲಿ ಗಣಿತ. ಅವನ ಕಾಲನ್ನು ನೋಡಬೇಕಾದವರು ಯಾರೂ ನೋಡಲಿಲ್ಲ. ಒಂಬತ್ತನೇ ಕ್ಲಾಸಿನ ದಸರಾ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ಅಪ್ಪ ಅವ್ವನ ಜೊತೆ ಮುಂಬೈಗೆ ಗುಳೆ ಹೋಗಿದ್ದ. ರೋವರ್ಸ್ ಕಪ್ ಬಂದ ಅದೇ ಹಳಿ ಮೇಲೆ.

ಜಕಾರ್ತಾದ ಕೊನೆಯ ಪಂದ್ಯ

1960ರ ರೋಮ್‌ನಲ್ಲಿ ರಹೀಮ್ ತಂಡ ಫ್ರಾನ್ಸ್ ಜೊತೆ 1–1 ಡ್ರಾ ಮಾಡಿತು, ಹಂಗೇರಿಗೆ 2–1ರಿಂದಷ್ಟೇ ಸೋತಿತು. 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಹೊತ್ತಿಗೆ ಅವರ ಶ್ವಾಸಕೋಶಕ್ಕೆ ಕ್ಯಾನ್ಸರ್ ಹಿಡಿದಿತ್ತು.

ಅಲ್ಲಿನ ವಾತಾವರಣ ಬೆಂಕಿಯಾಗಿತ್ತು. ಇಸ್ರೇಲ್ ಮತ್ತು ತೈವಾನ್‌ಗೆ ಇಂಡೊನೇಷ್ಯಾ ಬಾಗಿಲು ಮುಚ್ಚಿದ್ದನ್ನು ಭಾರತದ ಕ್ರೀಡಾ ಅಧಿಕಾರಿ ಜಿ.ಡಿ. ಸೋಂಧಿ ವಿರೋಧಿಸಿದ್ದರು. ಅದರ ಸಿಟ್ಟನ್ನು ಜನ ನಮ್ಮ ಆಟಗಾರರ ಮೇಲೆ ತೀರಿಸಿಕೊಂಡರು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾಗೆ 2–0 ಸೋಲು. ಥಾಯ್ಲೆಂಡ್ ವಿರುದ್ಧ ಗೆದ್ದರೂ ಡಿಫೆಂಡರ್ ಜರ್ನೈಲ್ ಸಿಂಗ್ ತಲೆ ಒಡೆದು ಹೊಲಿಗೆ ಬಿತ್ತು. ಜಪಾನನ್ನು ಸೋಲಿಸಿ ಸೆಮಿಫೈನಲ್‌ಗೆ ಬಂದಾಗ ರಹೀಮ್ ಆ ಗಾಯಾಳುವನ್ನು ಕೂರಿಸಲಿಲ್ಲ. ಹಿಂದಿನಿಂದ ತೆಗೆದು ಸೆಂಟರ್ ಫಾರ್ವರ್ಡ್ ಮಾಡಿದರು. ಜರ್ನೈಲ್ ಸೆಮಿಫೈನಲ್‌ನಲ್ಲೂ ಗೋಲು ಹೊಡೆದರು, ಫೈನಲ್‌ನಲ್ಲೂ ಹೊಡೆದರು.

ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಮತ್ತೆ ದಕ್ಷಿಣ ಕೊರಿಯಾ. ಸುಮಾರು ಒಂದು ಲಕ್ಷ ಜನರ ಗೇಲಿಯ ಕೂಗು. ಎತ್ತರದ ಚೆಂಡುಗಳನ್ನು ತಡೆಯೋಕೆ ರಹೀಮ್ ಗೋಲಿಗೆ ಎತ್ತರದ ಪೀಟರ್ ತಂಗರಾಜ್ ಅವರನ್ನು ನಿಲ್ಲಿಸಿದರು. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು. 2–1, ಚಿನ್ನ. ಚುನಿ ಗೋಸ್ವಾಮಿ ನಾಯಕ, ಪಕ್ಕದಲ್ಲಿ ಬಲರಾಮ್, ಯೂಸುಫ್ ಖಾನ್. ಆ ಹನ್ನೊಂದು ಹೆಸರುಗಳನ್ನು ಓದಿದರೆ ಸಾಕು, ಈ ದೇಶ ಏನು ಅಂತ ಬೇರೆ ಭಾಷಣ ಬೇಡ.

ಒಂಬತ್ತು ತಿಂಗಳ ನಂತರ, 1963ರ ಜೂನ್ 11ರಂದು ರಹೀಮ್ ತೀರಿಕೊಂಡರು. 53 ವರ್ಷ. ಆಮೇಲೆ ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತ ಚಿನ್ನ ಗೆದ್ದಿಲ್ಲ.

ನಮಗೆ ಉಳಿದದ್ದು

ಏಕೀಕರಣ ತಪ್ಪು ಅಂತ ನಾನು ಹೇಳ್ತಿಲ್ಲ. ಕನ್ನಡದಲ್ಲಿ ಓದಿ, ಕನ್ನಡದಲ್ಲಿ ಬರೆದು ಬದುಕ್ತಿರೋನು ನಾನು, ಅದು ಏಕೀಕರಣದ ಫಲ. ಆದರೆ ಲೆಕ್ಕದಲ್ಲಿ ಒಂದು ಬಾಕಿ ಇದೆ. ವಾಡಿಯಿಂದ ಹೈದರಾಬಾದ್ ಇನ್ನೂರು ಕಿಲೋಮೀಟರ್ ಒಳಗೆ, ಬೆಂಗಳೂರು ಅದರ ಸುಮಾರು ಮೂರು ಪಟ್ಟು ದೂರ. ಹತ್ತಿರದ ಫುಟ್‌ಬಾಲ್ ಊರು ಬೇರೆ ರಾಜ್ಯಕ್ಕೆ ಹೋಯಿತು, ನಮ್ಮದಾದ ಫುಟ್‌ಬಾಲ್ ಊರು ಕೈಗೆಟುಕಲಿಲ್ಲ. 2023ರಲ್ಲಿ ರಿಯಾದ್‌ನಲ್ಲಿ ಕರ್ನಾಟಕ 54 ವರ್ಷದ ನಂತರ ಸಂತೋಷ್ ಟ್ರೋಫಿ ಗೆದ್ದಾಗ ನಾನೂ ಕುಣಿದೆ. ಕುಣಿದ ಮೇಲೆ, ಈ ತಂಡಕ್ಕೆ ಸೇಡಂ, ಚಿಂಚೋಳಿಯಿಂದ ಒಬ್ಬ ಹುಡುಗ ಬರಬೇಕಾದರೆ ಯಾವ ದಾರಿ ಹಿಡಿಯಬೇಕು ಅಂತ ಯೋಚಿಸಿದೆ. ದಾರಿ ಕಾಣಲಿಲ್ಲ.

371(ಜೆ) ನಮಗೆ ಸೀಟು ಕೊಟ್ಟಿದೆ, ನೌಕರಿಯಲ್ಲಿ ಪಾಲು ಕೊಟ್ಟಿದೆ. ಅದಕ್ಕಾಗಿ ಹೋರಾಡಿದವರಿಗೆ ನಾವು ಋಣಿ. ಆದರೆ ಹಿಂದುಳಿದ ಪ್ರದೇಶ ಅಂದರೆ ಬರೀ ಸೀಟು, ರಸ್ತೆ, ಕಟ್ಟಡ ಅಂತ ನಮ್ಮ ನಾಯಕರ ಜೊತೆ ನಾವೂ ನಂಬಿಬಿಟ್ಟಿದ್ದೀವಿ. ಅನುದಾನ ಬಂದಾಗ ಕ್ರೀಡಾಂಗಣಕ್ಕೆ ಗುದ್ದಲಿ ಪೂಜೆ ಆಗುತ್ತೆ, ಫೋಟೋ ಬರುತ್ತೆ. ಗ್ಯಾಲರಿ ಕಟ್ಟಿದ ಮೇಲೆ ಅಲ್ಲಿ ಸಂಜೆ ಸೀಟಿ ಊದೋರು ಯಾರು?

ರಹೀಮ್ ಬದುಕು ಹೇಳೋದು ಇದನ್ನೇ. ಅವರ ಕೈಯಲ್ಲಿ ದೊಡ್ಡ ಕಟ್ಟಡ ಇರಲಿಲ್ಲ. ಒಂದು ಸಂಸ್ಥೆ ಇತ್ತು, ಆಟಗಾರರಿಗೆ ಪೊಲೀಸ್ ಇಲಾಖೆಯ ನೌಕರಿ ಇತ್ತು, ಕಡಿಮೆ ಖರ್ಚಿನ ಟೂರ್ನಿಗಳಿದ್ದವು. ಎಲ್ಲಕ್ಕಿಂತ ಮೊದಲು ಹುಡುಗರನ್ನು ದಿನಾ ನೋಡೋ ಒಬ್ಬ ಮಾಸ್ತರ್ ಇದ್ದರು. ನಮ್ಮ ಐದೂ ಊರುಗಳ ಶಾಲೆಗಳಲ್ಲಿ ಎಷ್ಟು ಪಿ.ಟಿ. ಮಾಸ್ತರ್ ಹುದ್ದೆ ಮಂಜೂರಾಗಿವೆ, ಎಷ್ಟು ಖಾಲಿ ಬಿದ್ದಿವೆ? ಒಂದು ಆರ್‌ಟಿಐ ಅರ್ಜಿಗೆ ಬೇಕಾದದ್ದು ಹತ್ತು ರೂಪಾಯಿ. ಸೇಡಂಗೆ ನಾನು ಹಾಕ್ತೀನಿ. ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯವರು ನೀವು ಹಾಕಿ. ಉತ್ತರ ಬಂದ ಮೇಲೆ ಈ ಸಲದ ಚುನಾವಣೆಗೆ ಓಟು ಕೇಳೋಕೆ ಬಂದವರ ಮುಂದೆ ಆ ಹಾಳೆ ಇಡೋಣ.