ವ್ಯಾಯಾಮಾಚಾರ್ಯ ಕೆ.ವಿ. ಅಯ್ಯರ್

ಬೆಂಗಳೂರಿನ ದಕ್ಷಿಣ ಭಾಗದ ಹನುಮಂತನಗರದಲ್ಲಿ ಒಂದು ಗುಡ್ಡವಿದೆ. ಅದರ ಮೇಲೆ ರಾಮಾಂಜನೇಯ ದೇವಾಲಯವಿದೆ. ಆಂಜನೇಯನನ್ನು ನಮ್ಮ ಜನ ಬಲಕ್ಕೂ ಬುದ್ಧಿಗೂ ಅಧಿದೇವತೆಯೆಂದು ಭಾವಿಸುತ್ತಾರೆ. ಆದುದರಿಂದಲೇ ನಾಡಿನ ಗರಡಿಮನೆಗಳಲ್ಲಿ ಅವನ ವಿಗ್ರಹವನ್ನೋ ಪಟವನ್ನೋ ಇರಿಸಿ, ನಮಸ್ಕರಿಸಿ, ಅನಂತರ ಸಾಮು ಆರಂಭಿಸುವುದು ರೂಢಿ. ಸಮುದ್ರವನ್ನು ಲಂಘಿಸುವ ಬಲ ಆಂಜನೇಯನಲ್ಲಿ ಮೊದಲಿನಿಂದಲೂ ಇದ್ದಿತು. ಆದರೆ ಅದನ್ನು ಜಾಂಬವಂತನು ನೆನಪಿಗೆ ತಂದುಕೊಡಬೇಕಾಯಿತು. ಬಲವೊಂದಿದ್ದರೆ ಸಾಲದು, ಅದನ್ನು ಎಚ್ಚರಿಸುವ ಗುರುವೂ ಬೇಕು ಎಂಬುದೇ ಈ ಕಥೆಯ ತಿರುಳು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬೆಂಗಳೂರಿನ ತರುಣರ ಪಾಲಿಗೆ ಜಾಂಬವಂತನಾಗಿ ನಿಂತವರು ಪ್ರೊಫೆಸರ್ ಕೆ.ವಿ. ಅಯ್ಯರ್.

ಅಯ್ಯರ್ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಕೋಲಾರ ಜಿಲ್ಲೆಯ ದೇವರಾಯಸಮುದ್ರದಲ್ಲಿ ಜನಿಸಿದರು. ಆ ಕಾಲದಲ್ಲಿ ನಾಡು ಪರರ ಆಳ್ವಿಕೆಯಲ್ಲಿದ್ದಿತು. ಭಾರತೀಯರು ಸ್ವಭಾವತಃ ದುರ್ಬಲರು ಎಂಬ ಹೀನಾಯದ ಮಾತು ಆಳುವವರಲ್ಲಿ ಬಳಕೆಯಲ್ಲಿದ್ದಿತು. ಎಷ್ಟೋ ಮಂದಿ ವಿದ್ಯಾವಂತರು ತಾವೂ ಅದನ್ನು ನಂಬಿಬಿಟ್ಟಿದ್ದರು. ಗರಡಿಯಲ್ಲಿ ಮೈ ಬೆಳೆಸುವುದು ಓದುವ ಹುಡುಗರಿಗೆ ತಕ್ಕುದಲ್ಲವೆಂಬ ಭಾವನೆಯೂ ಹಲವು ಮನೆಗಳಲ್ಲಿ ಇದ್ದಿತು. ಹೀಗೆ ಓದುವವರಿಗೆ ಮೈಬಲವಿಲ್ಲ, ಮೈಬಲವಿದ್ದವರಿಗೆ ಓದಿಲ್ಲ ಎಂಬ ಸ್ಥಿತಿ ಒದಗಿತ್ತು. ಈ ಎರಡನ್ನೂ ಒಂದೇ ವ್ಯಕ್ತಿಯಲ್ಲಿ ಕೂಡಿಸಲು ಸಾಧ್ಯವೆಂಬುದನ್ನು ಅಯ್ಯರ್ ಅವರು ಮಾತಿನಿಂದಲ್ಲ, ಬಾಳಿನಿಂದ ತೋರಿಸಿಕೊಟ್ಟರು.

ಆಗ ಪಾಶ್ಚಾತ್ಯ ದೇಶಗಳಲ್ಲಿ ಅಂಗಸಾಧನೆಯ ಹೊಸ ಪದ್ಧತಿಯೊಂದು ಹಬ್ಬುತ್ತಿದ್ದಿತು. ಯೂಜೆನ್ ಸ್ಯಾಂಡೋ ಎಂಬ ಪ್ರಸಿದ್ಧ ಬಲಶಾಲಿಯು ಅದರ ಮುಖ್ಯ ಪ್ರವರ್ತಕನಾಗಿದ್ದನು. ಅವನು ಭಾರತಕ್ಕೂ ಬಂದು ಪ್ರದರ್ಶನಗಳನ್ನು ನೀಡಿದ್ದನು. ಡಂಬೆಲ್, ಬಾರ್‌ಬೆಲ್ ಮೊದಲಾದ ಉಪಕರಣಗಳಿಂದ ಮೈಯ ಪ್ರತಿಯೊಂದು ಸ್ನಾಯುವನ್ನೂ ಬೇರೆ ಬೇರೆಯಾಗಿ ಪಳಗಿಸುವುದು ಈ ಪದ್ಧತಿಯ ವೈಶಿಷ್ಟ್ಯ. ನಮ್ಮಲ್ಲಿಯಾದರೋ ದಂಡ, ಬಸ್ಕಿ, ಗದೆ, ಸೂರ್ಯನಮಸ್ಕಾರ, ಯೋಗಾಸನಗಳ ಪರಂಪರೆ ಇದ್ದಿತು. ಅಯ್ಯರ್ ಅವರು ಹೊಸದನ್ನು ಕಂಡು ಹಳೆಯದನ್ನು ತೊರೆಯಲಿಲ್ಲ. ಹಳೆಯದರ ಮೇಲಿನ ಅಭಿಮಾನದಿಂದ ಹೊಸದನ್ನು ದೂರವಿಡಲೂ ಇಲ್ಲ. ಎರಡನ್ನೂ ತಮ್ಮ ಮೈಯ ಮೇಲೆ ಪ್ರಯೋಗಿಸಿ ನೋಡಿದರು. 1930ರಲ್ಲಿ ಪ್ರಕಟವಾದ ಮಸಲ್ ಕಲ್ಟ್ ಎಂಬ ಇಂಗ್ಲಿಷ್ ಗ್ರಂಥದಲ್ಲಿ, ತಮ್ಮ ದೇಹವನ್ನು ರೂಪಿಸಿದುದರಲ್ಲಿ ಲೋಹದ ಉಪಕರಣಗಳಿಗಿಂತ ಹಠಯೋಗದ ಪಾಲೇ ದೊಡ್ಡದೆಂದು ಅವರು ಮನಸಾರೆ ಒಪ್ಪಿಕೊಂಡಿದ್ದಾರೆ. ಸ್ನಾಯುಗಳ ಬಲಕ್ಕೆ ಭಾರದ ಸಾಧನೆ, ಒಳ ಅಂಗಗಳ ಆರೋಗ್ಯಕ್ಕೆ ಆಸನಗಳು, ಇಡೀ ಮೈಯ ಚುರುಕಿಗೆ ಸೂರ್ಯನಮಸ್ಕಾರ—ಹೀಗೆ ಅವರ ಪದ್ಧತಿ ರೂಪುಗೊಂಡಿತು. 1936ರಲ್ಲಿ ಪರ್ಫೆಕ್ಟ್ ಫಿಸೀಕ್, 1937ರಲ್ಲಿ ಸೂರ್ಯನಮಸ್ಕಾರವನ್ನು ಕುರಿತ ಪುಸ್ತಕ ಹೊರಬಂದುವು. ಗ್ರೀಕ್ ಶಿಲ್ಪಗಳನ್ನು ನೆನಪಿಗೆ ತರುವಂಥ ಅವರ ಛಾಯಾಚಿತ್ರಗಳು ವಿದೇಶದ ವ್ಯಾಯಾಮ ಪತ್ರಿಕೆಗಳಲ್ಲಿಯೂ ಅಚ್ಚಾದುವು. ಭಾರತೀಯರು ದುರ್ಬಲರೆಂಬ ಹೀನಾಯದ ಮಾತಿಗೆ ಆ ಚಿತ್ರಗಳೇ ಮೌನವಾದ ಉತ್ತರವಾಗಿದ್ದುವು.

1920ರ ದಶಕದ ಆರಂಭದಲ್ಲಿ ಅಯ್ಯರ್ ಅವರು ಬೆಂಗಳೂರಿನಲ್ಲಿ ಸಣ್ಣ ಪ್ರಮಾಣದಲ್ಲಿ ವ್ಯಾಯಾಮ ಶಿಕ್ಷಣವನ್ನು ಪ್ರಾರಂಭಿಸಿದರು. ಮುಂದೆ ಅದು ಹರ್ಕ್ಯುಲಿಸ್ ವ್ಯಾಯಾಮಶಾಲೆಯೆಂದು ಹೆಸರಾಯಿತು. ದೂರದ ಊರುಗಳಲ್ಲಿದ್ದವರಿಗೆ ಅವರು ಅಂಚೆಯ ಮೂಲಕವೂ ಪಾಠ ಹೇಳಿದರು. ವಿದೇಶಗಳಿಂದಲೂ ಅವರಿಗೆ ಶಿಷ್ಯರು ದೊರೆತರು. ಮೈಸೂರಿನ ಮಹಾರಾಜರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ವಸ್ಥರಾಗಿದ್ದಾಗ ಅರಮನೆಯು ಅಯ್ಯರ್ ಅವರ ನೆರವನ್ನು ಪಡೆಯಿತು. ವ್ಯಾಯಾಮವು ಜಟ್ಟಿಗಳಿಗೆ ಮಾತ್ರ ಮೀಸಲಾದುದಲ್ಲ, ದೇಹಾಲಸ್ಯವುಳ್ಳವರಿಗೂ ಅದು ಔಷಧದಂತೆ ಒದಗಬಲ್ಲುದು ಎಂಬುದಕ್ಕೆ ಇದು ನಿದರ್ಶನವಾಯಿತು. ಮಹಾರಾಜರ ಔದಾರ್ಯದ ನೆರವಿನಿಂದ 1940ರಲ್ಲಿ, ಇಂದು ಜೆ.ಸಿ. ರಸ್ತೆಯೆಂದು ಕರೆಯುವ ಬೀದಿಯಲ್ಲಿ ವ್ಯಾಯಾಮಶಾಲೆಯ ಹೊಸ ಕಟ್ಟಡವು ತಲೆಯೆತ್ತಿತು. ಅದೇ ವರ್ಷ ಮಹಾರಾಜರು ಕಾಲವಾದರು.

ಔಷಧದಂತೆಯೇ ವ್ಯಾಯಾಮಕ್ಕೂ ಪ್ರಮಾಣವುಂಟು. ಹತ್ತು ದಿನಗಳ ಸಾಧನೆಯನ್ನು ಒಂದೇ ದಿನ ಮಾಡಿದರೆ ಹತ್ತರಷ್ಟು ಬಲ ಬರುವುದಿಲ್ಲ, ನೋವು ಬರುತ್ತದೆ. ಶ್ರಮದಿಂದ ದಣಿದ ಸ್ನಾಯುವು ವಿಶ್ರಾಂತಿಯ ವೇಳೆಯಲ್ಲಿ, ತಕ್ಕ ಆಹಾರವನ್ನು ಪಡೆದು, ಮೊದಲಿಗಿಂತ ಗಟ್ಟಿಯಾಗಿ ಬೆಳೆಯುತ್ತದೆ. ಆದುದರಿಂದ ಭಾರವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು. ಸಾಕಷ್ಟು ನಿದ್ರೆ ಮಾಡಬೇಕು. ಒಂದು ದಿನ ಹೆಚ್ಚು ಮಾಡಿ ನಾಲ್ಕು ದಿನ ಬಿಡುವುದಕ್ಕಿಂತ ದಿನವೂ ಮಿತವಾಗಿ ಮಾಡಬೇಕು. ಈ ನಿಯಮ ಎಲ್ಲ ಕ್ರೀಡೆಗಳಿಗೂ ಸಲ್ಲುತ್ತದೆ. ಹನುಮಂತನಗರಕ್ಕೆ ನೆರೆಯದಾದ ಬಸವನಗುಡಿಯಲ್ಲಿ ಸ್ಪರ್ಧೆಗಳಿಗಾಗಿ ಈಜುಗಾರರನ್ನು ಸಿದ್ಧಗೊಳಿಸುವ ಈಜುಕೇಂದ್ರವಿದೆ. ಅಂಥ ಈಜುಗಾರರು ಇಂದು ನೀರಿನಲ್ಲಿ ಮಾತ್ರವಲ್ಲದೆ ನೆಲದ ಮೇಲೂ ವ್ಯಾಯಾಮ ಮಾಡುತ್ತಾರೆ. ಭುಜ, ಬೆನ್ನು, ಹೊಟ್ಟೆಗಳ ಸ್ನಾಯುಗಳು ಗಟ್ಟಿಯಾಗಿದ್ದರೆ ನೀರಿನಲ್ಲಿ ಮೈ ಅಡ್ಡಾದಿಡ್ಡಿಯಾಗದೆ ನೇರವಾಗಿ ಸಾಗುತ್ತದೆ. ಆದರೆ ತೋಳಿನ ಬೀಸು ಸರಿಯಾಗುವ ಮೊದಲೇ ವೇಗಕ್ಕೆ ಆತುರಪಟ್ಟರೆ ಭುಜದ ಕೀಲು ನೋಯುತ್ತದೆ. ಮೊದಲು ಕ್ರಮ, ಅನಂತರ ದೂರ, ಕೊನೆಗೆ ವೇಗ: ಇದು ಒಳ್ಳೆಯ ಶಿಕ್ಷಕನು ಹಾಕಿಕೊಡುವ ದಾರಿ. ಶಿಷ್ಯನ ಉತ್ಸಾಹವನ್ನು ಹೆಚ್ಚಿಸುವುದು ಎಷ್ಟು ಮುಖ್ಯವೋ, ಅವನ ಆತುರವನ್ನು ತಡೆಯುವುದೂ ಅಷ್ಟೇ ಮುಖ್ಯ.

ಅಯ್ಯರ್ ಅವರ ವ್ಯಾಯಾಮಶಾಲೆಯಲ್ಲಿ ಕಬ್ಬಿಣದ ಸದ್ದಿನೊಡನೆ ಸಾಹಿತ್ಯದ ಸೊಲ್ಲೂ ಕೇಳಿಬರುತ್ತಿದ್ದಿತು. ಕನ್ನಡದ ಪ್ರಸಿದ್ಧ ನಾಟಕಕಾರರಾದ ಟಿ.ಪಿ. ಕೈಲಾಸಂ ಅವರು ಅಯ್ಯರ್ ಅವರ ಆಪ್ತ ಮಿತ್ರರು. ಕೈಲಾಸಂ ಅವರು ಆ ಶಾಲೆಯಲ್ಲಿ ಅನೇಕ ದಿನಗಳನ್ನು ಕಳೆದರು. ಒಬ್ಬರದು ಗಡಿಯಾರದಂತೆ ನಡೆಯುವ ಶಿಸ್ತಿನ ಬಾಳು. ಇನ್ನೊಬ್ಬರ ದಿನಚರಿಗೆ ಯಾವ ಕಟ್ಟುಕಟ್ಟಳೆಯೂ ಇರಲಿಲ್ಲ. ಆದರೂ ಅವರ ಸ್ನೇಹ ಮುರಿಯಲಿಲ್ಲ. ತಮ್ಮ ಶಿಸ್ತನ್ನು ಅಳತೆಗೋಲಾಗಿ ಹಿಡಿದು ಇತರರನ್ನು ಅಲ್ಲಗಳೆಯುವ ಸಣ್ಣತನ ಅಯ್ಯರ್ ಅವರಲ್ಲಿರಲಿಲ್ಲ. 1946ರಲ್ಲಿ ಕೈಲಾಸಂ ತೀರಿಕೊಂಡರು. ಅಯ್ಯರ್ ಅವರು ಗೆಳೆಯನ ನೆನಪುಗಳನ್ನು ಕೈಲಾಸಂ ಸ್ಮರಣೆ ಎಂಬ ಕೃತಿಯಲ್ಲಿ ಕಾಪಾಡಿದರು.

ಅಯ್ಯರ್ ಅವರು ಸ್ವತಃ ಕಾದಂಬರಿಕಾರರೂ ಆಗಿದ್ದರು. ಹೊಯ್ಸಳರ ವಿಷ್ಣುವರ್ಧನನ ರಾಣಿಯ ಬಾಳನ್ನು ಕುರಿತ ಶಾಂತಲಾ ಅವರಿಗೆ ಕೀರ್ತಿಯನ್ನು ತಂದಿತು. ರೂಪದರ್ಶಿ ಎಂಬ ಇನ್ನೊಂದು ಕಾದಂಬರಿಯ ಕಥೆ ಇಟಲಿಯಲ್ಲಿ ನಡೆಯುತ್ತದೆ. ಕಲಾವಿದನೊಬ್ಬನು ಬಾಲಯೇಸುವಿನ ಚಿತ್ರಕ್ಕಾಗಿ ನಿರ್ಮಲವಾದ ಮುಖವನ್ನು ಅರಸಿ ಒಬ್ಬ ಬಾಲಕನನ್ನು ಕಾಣುತ್ತಾನೆ. ಹಲವು ವರ್ಷಗಳ ತರುವಾಯ ಯೇಸುವಿಗೆ ದ್ರೋಹವೆಸಗಿದ ಜೂದಾಸನ ಚಿತ್ರಕ್ಕಾಗಿ ಕ್ರೂರವಾದ ಮುಖವನ್ನು ಅರಸುತ್ತಾನೆ. ಕೊನೆಗೆ ದೊರೆತವನು ಅದೇ ಬಾಲಕ! ಕಾಲವೂ ನಡತೆಯೂ ಸೇರಿ ಅವನ ರೂಪವನ್ನೇ ಬದಲಿಸಿಬಿಟ್ಟಿದ್ದುವು.

ಮೈಯ ಅಂದವನ್ನು ಬಾಳೆಲ್ಲ ಸಾಧಿಸಿದವರೇ ಈ ಕಥೆಯನ್ನು ಬರೆದರೆಂಬುದು ಗಮನಿಸತಕ್ಕ ಸಂಗತಿ. ರೂಪವು ಒಮ್ಮೆ ದೊರೆತು ಎಂದೆಂದಿಗೂ ಉಳಿಯುವ ವಸ್ತುವಲ್ಲ. ದಿನದಿನದ ಅಭ್ಯಾಸವು ಅದನ್ನು ಕಟ್ಟುತ್ತದೆ. ದಿನದಿನದ ಅಭ್ಯಾಸವೇ ಅದನ್ನು ಕೆಡಿಸುತ್ತದೆ. ತೋಳಿಗೆ ಸಲ್ಲುವ ಈ ಮಾತು ಮುಖಕ್ಕೂ ಸಲ್ಲುತ್ತದೆ, ಮನಸ್ಸಿಗೂ ಸಲ್ಲುತ್ತದೆ.

ಅಯ್ಯರ್ ಅವರು 1980ರಲ್ಲಿ ನಿಧನರಾದರು. ಕಲ್ಲಿನ ಶಿಲ್ಪದಂತಿದ್ದ ಆ ದೇಹವೂ ಕಾಲಕ್ಕೆ ವಶವಾಯಿತು. ಆದರೆ ಅವರಿಂದ ಕಲಿತವರು ಇತರರಿಗೆ ಕಲಿಸಿದರು. ನಗರದ ಯಾವುದೇ ಆಟದ ಬಯಲಿನಲ್ಲಿ ಅಥವಾ ಈಜುಕೊಳದ ಬಳಿ ಮುಂಜಾವಿನಲ್ಲಿ ಒಬ್ಬ ಶಿಕ್ಷಕನು ಮಕ್ಕಳಿಗೆ ಆತುರಪಡಬೇಡಿರಿ, ನಾಳೆಯೂ ಬನ್ನಿರಿ ಎಂದು ಹೇಳುತ್ತಿದ್ದರೆ, ಅಯ್ಯರ್ ಅವರು ನಡೆದ ದಾರಿ ಇನ್ನೂ ಹಾಳುಬಿದ್ದಿಲ್ಲವೆಂದು ತಿಳಿಯಬಹುದು.