ತಾಯಂದಿರ ರಕ್ಷಕ ಸೆಮ್ಮೆಲ್‌ವೈಸ್

ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಲ್ಲೆಲ್ಲ ಹೆಸರಾಂತ ವೈದ್ಯಶಾಲೆಯಾಗಿತ್ತು. ಅಲ್ಲಿನ ಹೆರಿಗೆ ವಿಭಾಗದಲ್ಲಿ ಎರಡು ವಾರ್ಡುಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರಾಗಲು ಬಂದ ಹೆಂಗಸರೂ ಶಿಕ್ಷಣ ಪಡೆಯುತ್ತಿದ್ದರು. ಗರ್ಭಿಣಿಯರನ್ನು ಗೊತ್ತಾದ ದಿನಗಳಂದು ಸರದಿಯ ಮೇಲೆ ಒಂದೊಂದು ವಾರ್ಡಿಗೆ ಸೇರಿಸಿಕೊಳ್ಳುತ್ತಿದ್ದರು. ಮೊದಲನೆಯ ವಾರ್ಡಿನ ಸರದಿಯ ದಿನ ಬಂದ ಬಡ ಸ್ತ್ರೀಯರು ಮೊಣಕಾಲೂರಿ, ತಮ್ಮನ್ನು ಎರಡನೆಯದಕ್ಕೆ ಕಳುಹಿಸಬೇಕೆಂದು ಅಂಗಲಾಚುತ್ತಿದ್ದರು. ಅವರ ಅಂಜಿಕೆಗೆ ಕಾರಣವಿತ್ತು. 1846ರಲ್ಲಿ ಮೊದಲನೆಯ ವಾರ್ಡಿನ ಬಾಣಂತಿಯರಲ್ಲಿ ನೂರಕ್ಕೆ 11 ಮಂದಿಗೂ ಹೆಚ್ಚು ಜನ ತೀರಿಕೊಂಡರು. ಎರಡನೆಯದರಲ್ಲಿ ಸತ್ತವರು ನೂರಕ್ಕೆ 3 ಮಂದಿಗಿಂತ ಕಡಮೆ. ನಮ್ಮ ಹಿರಿಯರು ಬಾಣಂತಿ ನಂಜು ಎನ್ನುತ್ತಿದ್ದ ಸೂತಿಕಾಜ್ವರವೇ ಈ ಸಾವುಗಳಿಗೆ ಮುಖ್ಯ ಕಾರಣ. ಬೀದಿಯಲ್ಲಿಯೇ ಹೆತ್ತು, ಕೂಸನ್ನು ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಗೆ ಬಂದವರಿಗೆ ಈ ಜ್ವರ ತಗುಲುತ್ತಿದ್ದುದು ಅಪರೂಪ.

ಈ ಒಗಟನ್ನು ಬಿಡಿಸಿದವನು ಇಗ್ನಾಜ್ ಫಿಲಿಪ್ ಸೆಮ್ಮೆಲ್‌ವೈಸ್. ಅವನು 1818ರ ಜುಲೈ 1ರಂದು ಹಂಗೇರಿಯ ಬುಡಾ ಪಟ್ಟಣದಲ್ಲಿ ಒಬ್ಬ ದಿನಸಿ ವ್ಯಾಪಾರಿಯ ಮಗನಾಗಿ ಜನಿಸಿದನು. ನ್ಯಾಯಶಾಸ್ತ್ರವನ್ನು ಕಲಿಯಲೆಂದು ವಿಯೆನ್ನಾಕ್ಕೆ ಹೋದವನು ವೈದ್ಯಶಾಸ್ತ್ರಕ್ಕೆ ಮನಸೋತು 1844ರಲ್ಲಿ ವೈದ್ಯ ಪದವಿಯನ್ನು ಪಡೆದನು. 1846ರಲ್ಲಿ ಆ ಭಯಂಕರವಾದ ಮೊದಲನೆಯ ವಾರ್ಡಿನಲ್ಲಿಯೇ ಪ್ರೊಫೆಸರ್ ಕ್ಲೈನನ ಸಹಾಯಕನಾಗಿ ನೇಮಕಗೊಂಡನು.

ಗಾಳಿಯ ದೋಷ, ಋತುಮಾನದ ದೋಷ, ಜನಸಂದಣಿ ಎಂದು ಹಿರಿಯ ವೈದ್ಯರು ನಾನಾ ಕಾರಣಗಳನ್ನು ಹೇಳುತ್ತಿದ್ದರು. ಸೆಮ್ಮೆಲ್‌ವೈಸ್ ಒಂದೊಂದನ್ನೂ ಒರೆಗೆ ಹಚ್ಚಿದನು. ಎರಡು ವಾರ್ಡುಗಳಿಗೂ ಬೀಸುವ ಗಾಳಿ ಒಂದೇ. ಜನಸಂದಣಿಯಾದರೋ ಎರಡನೆಯದರಲ್ಲಿಯೇ ಹೆಚ್ಚು. ಅಲ್ಲಿ ಹೆಂಗಸರು ಪಕ್ಕಕ್ಕೆ ಮಲಗಿ ಹೆರುತ್ತಿದ್ದರು. ಇಲ್ಲಿಯೂ ಹಾಗೆಯೇ ಮಾಡಿಸಿದನು, ಫಲವಿಲ್ಲ. ಸಾಯುವವರ ಬಳಿಗೆ ಪಾದ್ರಿ ಹೋಗುವಾಗ ಗಂಟೆ ಬಾರಿಸುತ್ತ ಈ ವಾರ್ಡನ್ನು ಹಾದುಹೋಗುತ್ತಿದ್ದುದರಿಂದ ಬಾಣಂತಿಯರು ಹೆದರಿ ಸಾಯುತ್ತಿರಬಹುದೇ ಎಂದು ಗಂಟೆಯನ್ನು ನಿಲ್ಲಿಸಿ, ಪಾದ್ರಿಯ ದಾರಿಯನ್ನೂ ಬದಲಿಸಿದನು. ಸಾವು ನಿಲ್ಲಲಿಲ್ಲ.

1847ರ ಮಾರ್ಚ್ ತಿಂಗಳಲ್ಲಿ ಅವನ ಮಿತ್ರ ಪ್ರೊಫೆಸರ್ ಕೊಲೆಟ್ಚ್ಕಾ ಮರಣ ಹೊಂದಿದನು. ಶವಪರೀಕ್ಷೆಯ ವೇಳೆಯಲ್ಲಿ ವಿದ್ಯಾರ್ಥಿಯೊಬ್ಬನ ಚಾಕು ಅವನ ಬೆರಳಿಗೆ ತಗುಲಿತ್ತು. ಮಿತ್ರನ ದೇಹದಲ್ಲಿ ಕಂಡುಬಂದ ವಿಕಾರಗಳ ವರದಿಯನ್ನು ಓದಿದ ಸೆಮ್ಮೆಲ್‌ವೈಸ್ ಬೆಚ್ಚಿದನು. ಅವು ಸತ್ತ ಬಾಣಂತಿಯರ ದೇಹಗಳಲ್ಲಿ ತಾನು ದಿನವೂ ಕಾಣುತ್ತಿದ್ದ ವಿಕಾರಗಳೇ ಆಗಿದ್ದವು. ವೈದ್ಯರೂ ವಿದ್ಯಾರ್ಥಿಗಳೂ ಬೆಳಗ್ಗೆ ಶವಗಳನ್ನು ಕೊಯ್ದು, ಅದೇ ಕೈಗಳಿಂದ ಗರ್ಭಿಣಿಯರನ್ನು ಪರೀಕ್ಷಿಸುತ್ತಿದ್ದರು. ಸೂಲಗಿತ್ತಿಯರು ಶವಾಗಾರಕ್ಕೆ ಕಾಲಿಡುತ್ತಿರಲಿಲ್ಲ. ಹೀಗೆ ಜ್ವರದ ಮೂಲ ತಿಳಿಯಿತು. ಜೊತೆಗೆ, ರೋಗದ ಕಾರಣವನ್ನು ಹುಡುಕಲೆಂದು ಎಲ್ಲರಿಗಿಂತ ಹೆಚ್ಚು ಶವಗಳನ್ನು ಪರೀಕ್ಷಿಸಿದ್ದ ತಾನೇ ಅನೇಕರ ಸಾವಿಗೆ ಕಾರಣನಾಗಿರಬೇಕೆಂಬುದೂ ಅವನಿಗೆ ತಿಳಿಯಿತು. ಆ ದುಃಖ ಅವನನ್ನು ಕೊನೆಯವರೆಗೂ ಬಿಡಲಿಲ್ಲ.

ಸಾಬೂನಿನಿಂದ ತೊಳೆದರೂ ಶವದ ವಾಸನೆ ಕೈಯಲ್ಲಿ ಉಳಿಯುತ್ತಿತ್ತು. ವಾಸನೆಯಿದ್ದಲ್ಲಿ ವಿಷವೂ ಇರಬೇಕೆಂದು ಅವನು ಎಣಿಸಿದನು. ರೋಗಾಣುಗಳ ವಿಚಾರ ಆಗ ಯಾರಿಗೂ ಸ್ಪಷ್ಟವಾಗಿರಲಿಲ್ಲ. 1847ರ ಮೇ ತಿಂಗಳ ನಡುವಿನಲ್ಲಿ ಅವನು ಕ್ಲೋರಿನ್ ದ್ರಾವಣದಿಂದ ಕೈ ತೊಳೆಯದೆ ಯಾರೂ ಹೆರಿಗೆಯ ವಾರ್ಡನ್ನು ಪ್ರವೇಶಿಸಕೂಡದೆಂದು ಕಟ್ಟಪ್ಪಣೆ ಮಾಡಿದನು. ಕೆಲಕಾಲದ ಮೇಲೆ ಅಗ್ಗವಾದ ಬ್ಲೀಚಿಂಗ್ ಪುಡಿಯನ್ನು ಬಳಕೆಗೆ ತಂದನು; ನಮ್ಮ ಹಳ್ಳಿಗಳಲ್ಲಿ ಬಾವಿಯ ನೀರಿಗೆ ಹಾಕುವ ಪುಡಿಯೇ ಅದು. ವಿದ್ಯಾರ್ಥಿಯಾಗಲಿ ದಾದಿಯಾಗಲಿ ಈ ನಿಯಮವನ್ನು ಮೀರದಂತೆ ಸ್ವತಃ ಕಾವಲಿದ್ದನು. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್‌ನಲ್ಲಿ ಸುಮಾರು 2ಕ್ಕೆ ಇಳಿಯಿತು.

ಆದರೆ ಅಕ್ಟೋಬರ್‌ನಲ್ಲಿ ಒಂದು ದುರಂತವಾಯಿತು. ಗರ್ಭಕೋಶದ ಕ್ಯಾನ್ಸರಿನಿಂದ ಕೀವು ಸೋರುತ್ತಿದ್ದ ಹೆಂಗಸೊಬ್ಬಳನ್ನು ಸಾಲಿನ ಮೊದಲ ಹಾಸಿಗೆಯಲ್ಲಿ ಮಲಗಿಸಿದ್ದರು. ಅವಳನ್ನು ಪರೀಕ್ಷಿಸಿದವರು ಬರಿಯ ಸಾಬೂನಿನಿಂದ ಕೈ ತೊಳೆದುಕೊಂಡು ಮುಂದಿನವರ ಬಳಿಗೆ ಹೋದರು. ಅವಳ ಜೊತೆಯಲ್ಲಿ ಹೆತ್ತ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು. ನಂಜು ಶವದಿಂದ ಮಾತ್ರವಲ್ಲ, ಬದುಕಿರುವ ರೋಗಿಯಿಂದಲೂ ಹರಡುವುದೆಂದು ಆಗ ಸೆಮ್ಮೆಲ್‌ವೈಸನಿಗೆ ಮನವರಿಕೆಯಾಯಿತು. ಒಬ್ಬಳನ್ನು ಮುಟ್ಟಿದ ಕೈಯನ್ನು ದ್ರಾವಣದಲ್ಲಿ ತೊಳೆದ ಮೇಲೆಯೇ ಇನ್ನೊಬ್ಬಳನ್ನು ಮುಟ್ಟಬೇಕೆಂದು ನಿಯಮವನ್ನು ಬಿಗಿಗೊಳಿಸಿದನು. 1848ರಲ್ಲಿ ಸಾವು ನೂರಕ್ಕೆ 1.27ಕ್ಕೆ ಇಳಿಯಿತು. ಮಾರ್ಚ್ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಒಬ್ಬ ಬಾಣಂತಿಯೂ ಸಾಯಲಿಲ್ಲ.

ಇಷ್ಟಾದರೂ ಅವನ ಮಾತನ್ನು ಬಹುಮಂದಿ ಒಪ್ಪಲಿಲ್ಲ. ರೋಗ ನೀಗುವ ಕೈಯೇ ರೋಗ ತಂದಿತೆಂದು ಒಪ್ಪಿಕೊಳ್ಳುವುದು ಪ್ರಸಿದ್ಧ ವೈದ್ಯರಿಗೆ ಸುಲಭವಾಗಿರಲಿಲ್ಲ. ಸೆಮ್ಮೆಲ್‌ವೈಸನಲ್ಲಿಯೂ ಕೊರತೆಯಿತ್ತೆಂದು ಹೇಳಲೇಬೇಕು. ಅಪ್ಪಣೆ ಮಾಡಲು ಬಲ್ಲವನಿಗೆ ಒಲಿಸಿಕೊಳ್ಳುವ ಕಲೆ ತಿಳಿದಿರಲಿಲ್ಲ. ಬರೆಯುವುದೆಂದರೆ ಅವನಿಗೆ ಬೇಸರ. ಅವನ ಸಂಶೋಧನೆಯನ್ನು ಮೊದಲು ಪತ್ರಿಕೆಯಲ್ಲಿ ಪ್ರಕಟಿಸಿದವನು ಮಿತ್ರ ಹೆಬ್ರಾ. 1849ರಲ್ಲಿ ಅವನ ಹುದ್ದೆ ಮುಂದುವರಿಯಲಿಲ್ಲ. ಮರುವರ್ಷ, ತನಗೆ ಬೆಂಬಲವಾಗಿದ್ದ ಮಿತ್ರರಿಗೂ ಹೇಳದೆ ಅವನು ವಿಯೆನ್ನಾವನ್ನು ತೊರೆದನು.

ಪೆಸ್ಟ್ ನಗರದ ಸಂತ ರೋಕಸ್ ಆಸ್ಪತ್ರೆಯಲ್ಲಿ ಅವನು ಸಂಬಳವಿಲ್ಲದೆ ಹೆರಿಗೆ ವಾರ್ಡಿನ ಹೊಣೆಯನ್ನು ಹೊತ್ತನು. ಅಲ್ಲಿ ಕೆಲವು ವರ್ಷಗಳಲ್ಲಿ ಆದ 933 ಹೆರಿಗೆಗಳಲ್ಲಿ ಸೂತಿಕಾಜ್ವರದಿಂದ ಸತ್ತವರು ಎಂಟೇ ಮಂದಿ. 1855ರಲ್ಲಿ ವಿಶ್ವವಿದ್ಯಾಲಯದ ಪ್ರೊಫೆಸರನಾದ ಮೇಲೆ ಅಲ್ಲಿನ ಕೊಳಕು ಹಾಸುಬಟ್ಟೆಗಳ ವಿಷಯವಾಗಿ ಆಡಳಿತದವರೊಡನೆ ಹೋರಾಡಿದನು. ಕೈಗಳಂತೆಯೇ ಬಟ್ಟೆಗಳೂ ಉಪಕರಣಗಳೂ ಶುದ್ಧವಾಗಿರಬೇಕೆಂಬುದು ಅವನ ಹಟ.

1861ರಲ್ಲಿ ಅವನ ದೊಡ್ಡ ಗ್ರಂಥ ಪ್ರಕಟವಾಯಿತು. ಅದಕ್ಕೆ ದೊರೆತ ತಿರಸ್ಕಾರದಿಂದ ಕೆರಳಿ, ಒಪ್ಪದ ಪ್ರೊಫೆಸರರನ್ನು ಕೊಲೆಗಾರರೆಂದು ಜರಿದು ಬಹಿರಂಗ ಪತ್ರಗಳನ್ನು ಬರೆದನು. ಅವುಗಳಿಂದ ಶತ್ರುಗಳು ಹೆಚ್ಚಿದರೇ ವಿನಾ ಕೈ ತೊಳೆಯುವವರು ಹೆಚ್ಚಲಿಲ್ಲ. ಬುದ್ಧಿ ಸ್ಥಿಮಿತ ತಪ್ಪಿದ ಅವನನ್ನು 1865ರಲ್ಲಿ ವಿಯೆನ್ನಾದ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಿದರು. ಎರಡು ವಾರಗಳಲ್ಲಿ, ಆಗಸ್ಟ್ 13ರಂದು, ಗಾಯವೊಂದರ ನಂಜು ಮೈಗೇರಿ ನಲವತ್ತೇಳನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಅವನ ಮಿತ್ರನನ್ನೂ ವಾರ್ಡಿನ ತಾಯಂದಿರನ್ನೂ ಕೊಂದದ್ದು ಅಂತಹ ನಂಜೇ.

ಹದಿನಾಲ್ಕು ವರ್ಷಗಳ ಅನಂತರ, 1879ರಲ್ಲಿ, ಪ್ಯಾರಿಸ್ಸಿನ ವೈದ್ಯರ ಸಭೆಯಲ್ಲಿ ಸೂತಿಕಾಜ್ವರದ ಕಾರಣವನ್ನು ಕುರಿತು ಚರ್ಚೆ ನಡೆಯುತ್ತಿದ್ದಾಗ ಲೂಯಿ ಪಾಶ್ಚರನು ಎದ್ದುಹೋಗಿ, ಆ ರೋಗಾಣುವಿನ ಸರಪಳಿಯಂತಹ ಆಕಾರವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದನು.